ಮರುಪ್ರಶ್ನಿ ಬಂದಾಗ

ನಮ್ಮ ರಾಯಚೂರು ಹುಡುಗರ ಬಾಯಾಗ ಈಗ ಇದೇ ಮಾತು: ಸಾಫ್ಟ್‌ವೇರ್ ಕೆಲಸದ ಆನ್‌ಲೈನ್ ಇಂಟರ್‌ವ್ಯೂ ನಡೆದಾಗಲೇ ಎಐ ಪ್ರಶ್ನಿ ಕೇಳಿಸಿಕೊಂಡು ಪರದೆ ಮ್ಯಾಲೆ ಉತ್ತರ ಕೊಡ್ತದಂತ. ಕೊಡ್ತದ, ಸುಳ್ಳಲ್ಲ. ಆದ್ರ ‘ಇಲ್ಲಿ ಹ್ಯಾಶ್‌ಮ್ಯಾಪ್ (ಮಾಹಿತಿ ಲಗೂನ ಸಿಗೂಹಂಗ ಜೋಡಿಸಿಡೋ ರೀತಿ) ಯಾಕ? ಮೆಮೊರಿ ಕಡಿಮಿ ಇದ್ರ ಏನು ಮಾಡ್ತೀರಿ?’ ಅಂತ ಮರುಪ್ರಶ್ನಿ ಬಂದಾಗ, ನಿಮ್ಮ ಕಣ್ಣು ಏನೋ ಓದೋದು ಎದುರಿನವರಿಗೆ ಕಾಣ್ತದ. ಒಂದು ಸುತ್ತಾದ್ರೂ ಮುಖಾಮುಖಿ ಇಡ್ತೀವಿ ಅಂತ ಗೂಗಲ್ 2025ರಾಗೇ ಹೇಳ್ಯದ.

ನಮ್ಮ ಓಣಿ ಅಣ್ಣ ಒಬ್ರು ಬೆಂಗಳೂರಿಂದ ಫೋನಿನ್ಯಾಗ ಅಣಕು ಇಂಟರ್‌ವ್ಯೂ ತಗೋತಾರ. ಕೋಡ್ ಆಮ್ಯಾಲೆ. ಮೊದಲು, “ಏನು ಯೋಚ್ನಿ ಮಾಡಾಕತ್ತಿ, ಬಾಯಿಬಿಟ್ಟು ಹೇಳಲೇ!” ಫೀಸು? ಊರಿಗೆ ಬಂದಾಗ ಮಂಡಾಳ ಒಗ್ಗರಣಿ, ಮಿರ್ಚಿ.

ಹಂಗಂತ ಎಐ ಬ್ಯಾಡೇ ಬ್ಯಾಡ ಅನ್ನಂಗಿಲ್ಲ. ನಡುರಾತ್ರಿ ಅಣ್ಣ ಫೋನ್ ಎತ್ತಂಗಿಲ್ಲಲ್ಲ, ಅಭ್ಯಾಸಕ್ಕ ಆಗ ಅದೇ ಗತಿ.