ದೇವ್ರಿಗೇ ನೇರವಾಗಿ ಹೇಳ್ಬಹುದಲ್ವಾ, ಮಧ್ಯದಲ್ಲಿ ಫಾದರ್ ಯಾಕೆ?

ನಾನು ಕ್ಯಾಥೊಲಿಕ್ ಅಂತ ಗೊತ್ತಾದ ತಕ್ಷಣ ಜನ ಕೇಳೋದು ಎರಡೇ. ಒಂದು ಕ್ರಿಸ್‌ಮಸ್ ಕೇಕ್ ಯಾವಾಗ ತರ್ತೀಯ ಅಂತ, ಇನ್ನೊಂದು ಈ ಪಾಪನಿವೇದನೆ, ಅಂದ್ರೆ ಮಾಡಿದ ಪಾಪನ ಫಾದರ್ ಹತ್ರ ಹೇಳಿ ಕ್ಷಮೆ ಪಡೆಯೋ ವಿಷಯ. ಸಿನಿಮಾದಲ್ಲಿ ನೋಡಿರ್ತಾರಲ್ಲ, ಮರದ ಡಬ್ಬಿ, ಜಾಲರಿ, ಆ ಕಡೆ ಬಿಳಿ ನಿಲುವಂಗಿ ಪಾದ್ರಿ, ಈ ಕಡೆ ಕೊಲೆ ಮಾಡಿ ಬಂದಿರೋ ವಿಲನ್ನು. "ನಮ್ಮ ದೇವ್ರಿಗೆ ನಾವೇ ಕೈಮುಗಿದು ತಪ್ಪಾಯ್ತಪ್ಪ ಅಂತೀವಿ, ನೀವ್ಯಾಕೆ ಇನ್ನೊಬ್ಬ ಮನುಷ್ಯನ ಹತ್ರ ಹೋಗಿ ಹೇಳ್ಬೇಕು?" ಅಂತ ಕೇಳ್ತಾರೆ. ಅದರ ಹಿಂದೆನೇ, "ವಾರವೆಲ್ಲಾ ಮಾಡೋದು, ಭಾನುವಾರ ಹೇಳಿ ಕೈ ತೊಳ್ಕೊಳೋದು, ಒಳ್ಳೆ ಸ್ಕೀಮು ಬಿಡಪ್ಪ."

ಮೊದಲು ಒಂದು ವಿಷಯ, ನಾವೂ ದೇವರಿಗೆ ನೇರವಾಗಿ ಹೇಳ್ತೀವಿ. ಚರ್ಚಲ್ಲಿ ಪ್ರತಿ ಪೂಜೆ ಶುರುವಾಗೋದೇ ಎಲ್ಲರೂ ಸೇರಿ ತಪ್ಪು ಒಪ್ಪಿಕೊಳ್ಳೋದರಿಂದ. ಸಣ್ಣಪುಟ್ಟ ಪಾಪಗಳನ್ನ ಫಾದರ್ ಹತ್ರ ಹೇಳ್ಲೇಬೇಕು ಅಂತ ಧರ್ಮಸಭೆನೇ (ಅಂದ್ರೆ ಕ್ಯಾಥೊಲಿಕ್ ಚರ್ಚೇ) ಹೇಳಲ್ಲ, ಹೇಳಿದ್ರೆ ಒಳ್ಳೇದು ಅನ್ನತ್ತೆ ಅಷ್ಟೆ. ಗೊತ್ತಿದ್ದೂ ಬೇಕು ಅಂತಲೇ ಮಾಡಿದ ದೊಡ್ಡ ಪಾಪ ಇದ್ರೆ ಮಾತ್ರ ಹೇಳ್ಬೇಕು, ಅದೂ ವರ್ಷಕ್ಕೆ ಒಂದ್ಸಲನಾದ್ರೂ. ಈ ವರ್ಷಕ್ಕೊಮ್ಮೆ ಲೆಕ್ಕ 1215ರಲ್ಲಿ ಬಿಷಪ್ಪರೆಲ್ಲ ಸೇರಿದ್ದ ನಾಲ್ಕನೇ ಲ್ಯಾಟೆರನ್ ಮಹಾಸಭೆಯಿಂದ ಬಂದಿದ್ದು. ಆಧಾರ ಏನು ಅಂದ್ರೆ ಬೈಬಲ್‌ನ ಯೊವಾನ್ನರ ಸುವಾರ್ತೆ 20ನೇ ಅಧ್ಯಾಯ, ಯೇಸು ಶಿಷ್ಯರಿಗೆ ನೀವು ಯಾರ ಪಾಪ ಕ್ಷಮಿಸ್ತೀರೋ ಅವರಿಗೆ ಕ್ಷಮೆ ಸಿಗತ್ತೆ ಅನ್ನೋ ಜಾಗ. ಪ್ರೊಟೆಸ್ಟೆಂಟ್ ಫ್ರೆಂಡ್ಸ್ ಅದೇ ವಾಕ್ಯ ಬೇರೆ ಥರ ಓದ್ತಾರೆ, ಆ ಜಗಳ ಇವತ್ತು ಬೇಡ. ಆದ್ರೆ ಪ್ರೊಟೆಸ್ಟೆಂಟ್ ದಾರಿ ಶುರು ಮಾಡಿದ ಲೂಥರ್ ಕೂಡ ವಿರೋಧಿಸಿದ್ದು ಬಲವಂತವನ್ನ, ಪಾಪನಿವೇದನೆಯನ್ನ ಪೂರ್ತಿ ಕಿತ್ತು ಹಾಕ್ಲಿಲ್ಲ.

ಇದೆಲ್ಲ ಪುಸ್ತಕದ ಉತ್ತರ. ನನ್ನ ಉತ್ತರ ಕೇಳಿದ್ರೆ, ನಾನು ಹೋಗೋದು ಆ ಮನುಷ್ಯ ದೊಡ್ಡವನು ಅಂತಲ್ಲ, ಅವನ ಬಾಯಿ ಕಟ್ಟಿದೆ ಅಂತ. ಹೇಳಿದ್ದನ್ನ ಎಲ್ಲೂ ಎತ್ತೋ ಹಾಗಿಲ್ಲ. ಹೆಂಡತಿಗೆ ಹೇಳಿದ್ರೆ ಮುಂದಿನ ಜಗಳದಲ್ಲಿ ವಾಪಸ್ ಬರತ್ತೆ, ಫ್ರೆಂಡಿಗೆ ಹೇಳಿದ್ರೆ ಅವನ ಹೆಂಡತಿಗೆ ಗೊತ್ತಾಗತ್ತೆ, ನನ್ನೊಳಗೇ ಹೇಳ್ಕೊಂಡ್ರೆ ನಾನೇ ಲಾಯರ್ ನಾನೇ ಜಡ್ಜ್, ಕೇಸು ಯಾವತ್ತೂ ನನ್ನ ಪರವೇ. ಬಾಯಿಬಿಟ್ಟು ಇನ್ನೊಬ್ಬರ ಕಿವಿಗೆ ಬೀಳೋ ಹಾಗೆ "ನಾನು ಅವನಿಗೆ ಮೋಸ ಮಾಡಿದೆ" ಅನ್ನೋವಾಗ ಆ "ಆದ್ರೆ ಅವನೂ..." ಅನ್ನೋದು ಗಂಟಲಲ್ಲೇ ಸಿಕ್ಕಿಹಾಕ್ಕೊಳತ್ತೆ.

ಈ ಬಾಯಿ ಕಟ್ಟೋದು ಎಷ್ಟು ಗಟ್ಟಿ ಅಂದ್ರೆ, ಗುಟ್ಟನ್ನ ನೇರವಾಗಿ ಬಿಟ್ಟುಕೊಟ್ಟ ಪಾದ್ರಿ ಆ ಕ್ಷಣದಲ್ಲೇ ಬಹಿಷ್ಕೃತ, ಅದನ್ನ ತೆಗೆಯೋ ಅಧಿಕಾರ ಬಿಷಪ್ಪರಿಗೂ ಇಲ್ಲ, ರೋಮ್‌ಗೇ ಹೋಗ್ಬೇಕು. ಸುಳಿವು ಕೊಡೋ ಹಾಗೂ ಇಲ್ಲ, ಅಲ್ಲಿ ತಿಳಿದಿದ್ದನ್ನ ಇಟ್ಕೊಂಡು ನಿಮಗೆ ತೊಂದರೆ ಆಗೋ ಥರ ಏನೂ ಮಾಡೋ ಹಾಗೂ ಇಲ್ಲ. ಆಚೆ ಸಿಕ್ಕಿದಾಗ ನಿಮ್ಮ ಹತ್ರನೇ ನೀವಾಗಿ ತೆಗೆಯದೆ ಆ ಮಾತು ಎತ್ತೋ ಹಾಗಿಲ್ಲ. ನಿನ್ನೆ ಸಂಜೆ ಅಷ್ಟೆಲ್ಲಾ ಕೇಳಿಸ್ಕೊಂಡವರು ಇವತ್ತು ಬೇಕರಿ ಮುಂದೆ ಸಿಕ್ಕಿ "ಏನಪ್ಪ, ಅಮ್ಮನ ಮಂಡಿನೋವು ಹೇಗಿದೆ" ಅಂತಾರೆ, ಅಷ್ಟೆ.

ನ್ಯೂಯಾರ್ಕಲ್ಲಿ 1813ರ ಒಂದು ಕೇಸಿದೆ. ಕಳ್ಳತನವಾದ ಒಡವೆಗಳು ಫಾದರ್ ಆಂಥೊನಿ ಕೋಲ್‌ಮನ್ ಅನ್ನೋವರ ಕೈಯಿಂದ ಮಾಲೀಕನಿಗೆ ವಾಪಸ್ ಬಂದ್ವು. ಯಾರು ಕೊಟ್ರು ಹೇಳಿ ಅಂತ ಕೋರ್ಟು ಕರೆಸ್ತು, ಅವರು ಹೇಳಲ್ಲ ಅಂದ್ರು, ಕೊನೆಗೆ ಕೋರ್ಟೇ ಅವರನ್ನ ಒತ್ತಾಯ ಮಾಡೋ ಹಾಗಿಲ್ಲ ಅಂತ ತೀರ್ಪು ಕೊಡ್ತು. ನಮ್ಮ ದೇಶದ ಸಾಕ್ಷ್ಯ ಕಾನೂನಲ್ಲಿ ವಕೀಲರಿಗಿರೋ ಥರದ ರಕ್ಷಣೆ ಪಾದ್ರಿಗೆ ಬರೆದಿಲ್ಲ, ಅಂದ್ರೆ ಇಲ್ಲಿ ಬಾಯಿ ಮುಚ್ಕೊಂಡಿರೋದಕ್ಕೆ ಜೈಲಿಗೆ ಹೋಗ್ಬೇಕಾಗಿ ಬಂದ್ರೂ ಹೋಗ್ಬೇಕು.

ಆ ಕೇಸಲ್ಲೇ "ಒಳ್ಳೆ ಸ್ಕೀಮು" ಅನ್ನೋವರಿಗೂ ಉತ್ತರ ಇದೆ ನೋಡಿ. ಕದ್ದಿದ್ದು ವಾಪಸ್ ಹೋಯ್ತಲ್ಲ! ಕದ್ದ ದುಡ್ಡು ಜೇಬಲ್ಲಿಟ್ಕೊಂಡು ಕ್ಷಮೆ ಕೇಳಿದ್ರೆ ಕೊಡಲ್ಲ, ಹಿಂತಿರುಗಿಸೋಕೆ ಸಾಧ್ಯ ಇದ್ರೆ ಹಿಂತಿರುಗಿಸ್ಬೇಕು. ನಿಜವಾದ ಪಶ್ಚಾತ್ತಾಪ ಇರ್ಬೇಕು, ಮತ್ತೆ ಮಾಡಲ್ಲ ಅನ್ನೋ ನಿರ್ಧಾರ ಇರ್ಬೇಕು, ಇಲ್ಲದೆ ಫಾದರ್ ಏನೇ ಹೇಳಿದ್ರೂ ಅದು ನಿಲ್ಲಲ್ಲ. ಹೌದು, ಪ್ರಾಯಶ್ಚಿತ್ತ ಅಂತ ಎಷ್ಟೋ ಸಲ ಮೂರು ನಮೋ ಮರಿಯಾ ಪ್ರಾರ್ಥನೆ ಹೇಳಿಸಿ ಕಳಿಸ್ತಾರೆ, ಅದು ನೋಡಿದವರಿಗೆ ಅಗ್ಗ ಅನ್ಸತ್ತೆ, ನಂಗೂ ಅನ್ಸಿದೆ. ಮೊದಲಿನ ಶತಮಾನಗಳಲ್ಲಿ ಹಾಗಿರ್ಲಿಲ್ಲ, ಕೊಲೆ, ವ್ಯಭಿಚಾರ, ಧರ್ಮ ಬಿಟ್ಟಿದ್ದು ಇಂಥದ್ದಕ್ಕೆಲ್ಲ ಊರೆದುರಿಗೆ ವರ್ಷಗಟ್ಟಲೆ ಪ್ರಾಯಶ್ಚಿತ್ತ, ಅದೂ ಜೀವನದಲ್ಲಿ ಒಂದೇ ಸಲ ಅವಕಾಶ, ಹಾಗಾಗಿ ಜನ ಬುದ್ಧಿವಂತಿಕೆ ಮಾಡಿ ಸಾಯೋ ಹೊತ್ತಿಗೆ ಅಂತ ಮುಂದಕ್ಕೆ ಹಾಕ್ತಿದ್ರು. ಒಬ್ಬರ ಹತ್ರ ಗುಟ್ಟಾಗಿ, ಎಷ್ಟು ಸಲ ಬೇಕಾದ್ರೂ ಹೇಳೋ ಪದ್ಧತಿಯನ್ನ ಯೂರೋಪಲ್ಲೆಲ್ಲ ಹಬ್ಬಿಸಿದ್ದು ಐರ್ಲೆಂಡಿನ ಸನ್ಯಾಸಿಗಳು. ಆ ಮರದ ಡಬ್ಬಿ ಬಂದಿದ್ದಂತೂ ಇನ್ನೂ ತಡ, 16ನೇ ಶತಮಾನದಲ್ಲಿ ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೋಮಿಯೊ ಕಾಲದಲ್ಲಿ. ಮುಖ್ಯವಾಗಿ ಯಾಕೆ ಗೊತ್ತಾ? ಪಾದ್ರಿಗೂ ಪಾಪ ಹೇಳೋಕೆ ಬಂದ ಹೆಂಗಸಿಗೂ ಮಧ್ಯೆ ಅಡ್ಡ ಇರ್ಲಿ ಅಂತ. ಅಂದ್ರೆ ಪಾದ್ರಿಗಳನ್ನ ಕಣ್ಮುಚ್ಚಿ ನಂಬೋಕಾಗಲ್ಲ ಅಂತ ಸಭೆಗೇ ಆಗ್ಲೇ ಗೊತ್ತಿತ್ತು.

ಇಲ್ಲಿಗೆ ಬಂದ್ರೆ ಕೇರಳದ ವಿಷಯ ಬಿಡೋ ಹಾಗಿಲ್ಲ. 2018ರಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆಯ (ಇದು ಕ್ಯಾಥೊಲಿಕ್ ಅಲ್ಲ, ಬೇರೆ ಕ್ರೈಸ್ತ ಸಭೆ) ಕೆಲವು ಪಾದ್ರಿಗಳ ಮೇಲೆ, ಒಬ್ಬ ಹೆಂಗಸು ಪಾಪನಿವೇದನೆಯಲ್ಲಿ ಹೇಳಿದ್ದನ್ನೇ ಇಟ್ಕೊಂಡು ಬ್ಲಾಕ್‌ಮೇಲ್ ಮಾಡಿ ಲೈಂಗಿಕವಾಗಿ ಬಳಸ್ಕೊಂಡ್ರು ಅನ್ನೋ ಆರೋಪ ಬಂತು. ರಾಷ್ಟ್ರೀಯ ಮಹಿಳಾ ಆಯೋಗ ಈ ಪದ್ಧತಿನೇ ನಿಲ್ಲಿಸಿ ಅಂತು. ನಿಲ್ಲಿಸಿ ಅನ್ನೋದು ಅತಿಯಾಯ್ತು ಅಂತ ನಂಗೂ ಅನ್ಸಿತು, ಆದ್ರೆ ನಮ್ಮವರು ಬಹಳ ಜನ ಧಾರ್ಮಿಕ ಸ್ವಾತಂತ್ರ್ಯ ಅಂತ ಕೂಗಾಡಿದ್ರೇ ಹೊರತು, ಇಂಥ ಆರೋಪ ಯಾರ ಮೇಲೇ ಬರ್ಲಿ, ನಿಜ ಆದ್ರೆ ನಮ್ಮ ನಂಬಿಕೆಯ ಬುಡಕ್ಕೇ ಕೊಡಲಿ ಏಟು ಅಂತ ಹೇಳಿದವರು ಕಮ್ಮಿ, ಅದು ನಂಗೆ ಹೆಚ್ಚು ಬೇಜಾರಾಯ್ತು. ಯಾಕಂದ್ರೆ ನಾನು ಹೇಳಿದ್ನಲ್ಲ, ಬಾಯಿ ಕಟ್ಟಿದೆ ಅನ್ನೋದೊಂದೇ ಇಲ್ಲಿ ಬಂಡವಾಳ. ಅದು ಹೋದ್ರೆ ಉಳಿಯೋದು ಒಬ್ಬ ಅಧಿಕಾರ ಇರೋ ಗಂಡಸು, ಅವನ ಕೈಲಿ ನಿಮ್ಮ ಗುಟ್ಟು.

"ಆ ಫಾದರೇನು ಪಾಪ ಮಾಡಲ್ವಾ?" ಮಾಡ್ತಾರೆ. ತನ್ನ ಪಾಪವನ್ನ ತಾನೇ ಕ್ಷಮಿಸ್ಕೊಳ್ಳೋಕೆ ಯಾವ ಪಾದ್ರಿಗೂ ಆಗಲ್ಲ, ಇನ್ನೊಬ್ಬರ ಹತ್ರ ಹೋಗಿ ಹೇಳ್ಲೇಬೇಕು. 2014ರ ಮಾರ್ಚಲ್ಲಿ ಸೇಂಟ್ ಪೀಟರ್ಸ್ ಬೆಸಿಲಿಕಾದಲ್ಲಿ ಪೋಪ್ ಫ್ರಾನ್ಸಿಸ್ ಜನರ ಪಾಪನಿವೇದನೆ ಕೇಳೋಕೆ ಅಂತ ಹೋಗ್ತಿದ್ದವರು, ಮೊದಲು ತಾವೇ ಒಬ್ಬ ಸಾಮಾನ್ಯ ಪಾದ್ರಿ ಮುಂದೆ ಎಲ್ಲರಿಗೂ ಕಾಣೋ ಹಾಗೆ ಮಂಡಿಯೂರಿದ್ರು.

ಕೊನೇದಾಗಿ, ಕೆಲವರು ತಮಾಷೆಗೆ ಶುರು ಮಾಡಿ ಆಮೇಲೆ ದನಿ ತಗ್ಗಿಸಿ "ನಮ್ಮಂಥೋರು ಹೋಗ್ಬಹುದಾ?" ಅಂತಾರೆ. ಹೋಗಿ. ದೀಕ್ಷಾಸ್ನಾನ (ಕ್ರೈಸ್ತರಾಗೋವಾಗ ನೀರಿಂದ ಮಾಡೋ ಸಂಸ್ಕಾರ) ಆಗದೇ ಇರೋವರಿಗೆ ಆ ಸಂಸ್ಕಾರ ಕೊಡೋಕೆ ಬರಲ್ಲ, ಅದನ್ನ ಮೊದಲೇ ಹೇಳಿ, ಮಾತಾಡ್ಬೇಕಿತ್ತು ಅನ್ನಿ, ಸಾಮಾನ್ಯವಾಗಿ ಯಾರೂ ವಾಪಸ್ ಕಳಿಸಲ್ಲ. ಭಾನುವಾರ ಪೂಜೆಗೆ ಮುಂಚೆ ಮಾತ್ರ ಹೋಗ್ಬೇಡಿ, ಕ್ಯೂ ಇರತ್ತೆ, ಫಾದರ್‌ಗೂ ಗಡಿಬಿಡಿ. ವಾರದ ಮಧ್ಯೆ ಸಂಜೆ ಹೊತ್ತು ವಾಸಿ.