ಯೆಶಾಯ 53 ಓದುವ ಮೊದಲು

ಹಾಸನ ಜಿಲ್ಲೆಯೂ ಸೇರಿದ ಚಿಕ್ಕಮಗಳೂರು ಧರ್ಮಪ್ರಾಂತ್ಯದಲ್ಲಿ ಶುಭ ಶುಕ್ರವಾರದ ಮೊದಲ ವಾಚನ ಬೈಬಲ್ಲಿನ ಹಳೆ ಒಡಂಬಡಿಕೆಯ ಯೆಶಾಯ ಗ್ರಂಥದ 52:13ರಿಂದ 53:12. ಮನೆಯಲ್ಲಿ ಓದುವವರು ಸಾಮಾನ್ಯವಾಗಿ 53:1ರಿಂದ ಶುರು ಮಾಡುತ್ತಾರೆ. ಆಗ ದೇವರ ದಾಸನು (ಕ್ರೈಸ್ತರು ಇವನಲ್ಲಿ ಯೇಸುವನ್ನು ಕಾಣುತ್ತಾರೆ) ಉನ್ನತಕ್ಕೇರುವನೆಂಬ ಮೊದಲ ಮಾತೇ ತಪ್ಪಿಹೋಗುತ್ತದೆ. ಉಳಿಯುವುದು ಬರೀ ಗಾಯ, ತಿರಸ್ಕಾರ. ಒಂಬತ್ತನೇ ವಚನದ ಸಮಾಧಿಗೇ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು. ಸತ್ತವನು ತನ್ನ ಸಂತಾನವನ್ನು ಕಾಣುವನೆಂದು ಹತ್ತನೆಯದು ಹೇಳುತ್ತದೆ. ಕ್ರೈಸ್ತರಿಗೆ ಪುನರುತ್ಥಾನದ ಸುಳಿವು ಅಲ್ಲೇ.

ಜೊತೆಗೆ ಮಾರ್ಕನ ಸುವಾರ್ತೆಯ 8:31, 9:31, 10:33-34 ತೆರೆದಿಟ್ಟುಕೊಳ್ಳಿ. ಮೂರು ಸಲವೂ ಯೇಸು ಸಾವನ್ನೂ ಎದ್ದುಬರುವುದನ್ನೂ ಒಂದೇ ಉಸಿರಿಗೆ ಹೇಳುತ್ತಾರೆ; ಮೂರನೆಯದರಲ್ಲಿ ಉಗುಳು, ಕೊರಡೆಯೇಟು ಕೂಡ ಇವೆ. ಆದರೂ ಶಿಷ್ಯರಿಗೆ ತಿಳಿಯಲಿಲ್ಲ. ಅವರು ಕಾಯುತ್ತಿದ್ದದ್ದು ಗೆಲ್ಲುವ ರಾಜನಿಗಾಗಿ.

ಕೀರ್ತನೆ 22ನ್ನೂ ಪೂರ್ತಿ ಓದಿ. ಶಿಲುಬೆಯ ಮೇಲೆ ಯೇಸು ಕೂಗಿದ ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?’ ಎಂಬುದು ಅದರ ಆರಂಭ ಮಾತ್ರ, ಕೊನೆ ಸ್ತುತಿ.