ಸಂಜೆ ಪಾಠಕ್ಕೆ ಅನುದಾನ: ಅರ್ಜಿ ಎಲ್ಲಿಗೆ ಬಂತು

ಮೇ 31, 2025

ರಾತ್ರಿ ಹತ್ತಕ್ಕೆ ಆದಾಯ ತೆರಿಗೆ ಇಲಾಖೆಗೆ ಫಾರ್ಮ್ 10ಬಿಡಿ ಹೋಯಿತು. ಕಳೆದ ವರ್ಷ ದಾನ ಕೊಟ್ಟವರ ಪಟ್ಟಿ ಅದು. ಇವತ್ತು ದಾಟಿದರೆ ದಿನಕ್ಕೆ 200 ರೂಪಾಯಿ ದಂಡ. ನಮ್ಮ ಪಟ್ಟಿಯಲ್ಲಿ ಇರುವುದೇ ಹತ್ತೊಂಬತ್ತು ಹೆಸರು. ಬೆಂಗಳೂರಿನ ಗೆಳೆಯನೊಬ್ಬ, “80ಜಿ ರಸೀದಿ ನಂಗೆ ಬೇಡ ಮಾರಾಯ, ನಾನು ಹೊಸ ತೆರಿಗೆ ಪದ್ಧತಿಗೆ ಹೋಗಿದ್ದೇನೆ” ಎಂದ. ದಾನ ಕೊಟ್ಟವರಿಗೆ 80ಜಿಯಲ್ಲಿ ಸಿಗುವ ತೆರಿಗೆ ವಿನಾಯಿತಿ ಹೊಸ ಪದ್ಧತಿಯಲ್ಲಿ ಇಲ್ಲವೇ ಇಲ್ಲ. ಹಳೆಯದರಲ್ಲಿ ನಮ್ಮಂಥ ಟ್ರಸ್ಟಿಗೆ ಕೊಟ್ಟ ಹಣದ ಅರ್ಧಕ್ಕೆ ಸಿಗುತ್ತದೆ. ಆದರೂ ಅವನು ಕೊಡುವುದು ನಿಲ್ಲಿಸಿಲ್ಲ, ಅದು ಬೇರೆ ಮಾತು.

ಹೊಸದಾಗಿ ಓದುವವರಿಗೆ: ನಮ್ಮದು ಅಂಕೋಲೆ ಹತ್ತಿರದ ಒಂದು ಕೇರಿ. ಮೀನುಗಾರರ ಮನೆಯ ಮಕ್ಕಳು, ಗುಡ್ಡದ ಬುಡದ ಹಾಲಕ್ಕಿ ಒಕ್ಕಲಿಗರ ಕೊಪ್ಪದ (ಪುಟ್ಟ ಊರಿನ) ಮಕ್ಕಳು, ಒಟ್ಟು 34. ನಾಲ್ಕರಿಂದ ಎಂಟನೇ ಕ್ಲಾಸಿನವರೆಗೆ. ಸಂಜೆ ಐದೂವರೆಯಿಂದ ಏಳೂವರೆ. ಪಾಠಕ್ಕೆ ಇಬ್ಬರು ಅಕ್ಕೋರು, ಅಂದರೆ ಟೀಚರು. 2021ರಲ್ಲಿ ಟ್ರಸ್ಟ್ ರಿಜಿಸ್ಟರ್ ಆಯಿತು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನಗೆ ಇದೊಂದು ಹುಚ್ಚು. ಇಷ್ಟು ದಿನ ಕೈಯಿಂದ, ಗೆಳೆಯರಿಂದ ನಡೆಯಿತು. ಈ ವರ್ಷ ಆಗುವುದಿಲ್ಲ. ಅನುದಾನ ಕೇಳಲೇಬೇಕು.

ಜೂನ್ 8

ಕಾಗದಪತ್ರ ಒಂದು ಫೈಲಿಗೆ ಬಂದವು. ಲಾಭ 5 ಕೋಟಿ ದಾಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು ಎನ್ನುತ್ತದೆ 2013ರ ಕಂಪನಿ ಕಾಯ್ದೆಯ 135ನೇ ಕಲಂ. ಆ ದುಡ್ಡು ನಮ್ಮಂಥವರಿಗೆ ಬರಬೇಕಾದರೆ 12ಎಬಿ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ) ಬೇಕು, 80ಜಿ ಬೇಕು, ಮೂರು ವರ್ಷ ಕೆಲಸ ಮಾಡಿದ್ದಕ್ಕೆ ಗುರುತು ಬೇಕು. ಆಮೇಲೆ ಈ ಸಿಎಸ್ಆರ್ (ಕಂಪನಿಗಳ ಸಾಮಾಜಿಕ ಹೊಣೆ) ದುಡ್ಡಿಗೆಂದೇ ಇರುವ ಸಿಎಸ್ಆರ್-1 ಅರ್ಜಿ ಹಾಕಿ ನಂಬರ್ ತೆಗೆದುಕೊಳ್ಳಬೇಕು. ಮೊದಲು ಸಿಗುವ 12ಎಬಿ ತಾತ್ಕಾಲಿಕ, ಮೂರೇ ವರ್ಷದ್ದು. ಅದು ಮುಗಿಯುವ ಆರು ತಿಂಗಳ ಮೊದಲೇ ಖಾಯಂಗೆ ಅರ್ಜಿ ಹಾಕಬೇಕು. ನಮ್ಮ ಆಡಿಟರು ನೆನಪು ಮಾಡದಿದ್ದರೆ ನಾನು ಮರೆತೇಬಿಡುತ್ತಿದ್ದೆ. ಖಾಯಂ ಅಂದರೂ ಕೆಲವು ವರ್ಷಕ್ಕೆ ಮಾತ್ರ: ಮೊದಲು ಐದು, 2025ರ ಏಪ್ರಿಲ್‌ನಿಂದ ನಮ್ಮಂಥ ಸಣ್ಣ ಟ್ರಸ್ಟಿಗೆ ಹತ್ತು.

ಜೂನ್ 22

ಇವತ್ತಿನದು ಒಳ್ಳೆಯ ಕೆಲಸ. ಮಕ್ಕಳ ಓದು ಅಳೆದೆವು. ‘ಪ್ರಥಮ್’ ಸಂಸ್ಥೆಯ ‘ಅಸರ್’ ಸಮೀಕ್ಷೆಯ ಹಾಳೆ ಕನ್ನಡದಲ್ಲೇ ಇದೆ, ದುಡ್ಡು ಬೇಡ. ಅಕ್ಷರ, ಪದ, ಒಂದನೇ ಕ್ಲಾಸಿನ ಮಟ್ಟದ ಪ್ಯಾರಾ, ಎರಡನೇ ಕ್ಲಾಸಿನ ಮಟ್ಟದ ಕಥೆ. ಮೊದಲು ಪ್ಯಾರಾ ಕೊಡುವುದು. ಓದಿದರೆ ಕಥೆಗೆ, ತಡವರಿಸಿದರೆ ಪದಕ್ಕೆ, ಅಲ್ಲಿಂದ ಅಕ್ಷರಕ್ಕೆ ಇಳಿಯುವುದು. ಒಬ್ಬೊಬ್ಬರನ್ನೇ ಜಗಲಿಗೆ ಕರೆದು ಕೂರಿಸಿದೆವು, ಇಲ್ಲದಿದ್ದರೆ ಹಿಂದಿನವನು ಕೇಳಿಸಿಕೊಂಡು ಬಾಯಿಪಾಠ ಒಪ್ಪಿಸುತ್ತಾನೆ.

34ರಲ್ಲಿ ಕಥೆ ಓದಿದ್ದು 11 ಮಕ್ಕಳು. ಒಂಬತ್ತು ಜನ ಪದದಲ್ಲೇ ನಿಂತರು. ಎಲ್ಲರೂ ನಾಲ್ಕು ದಾಟಿದವರು.

ಆರನೇ ಕ್ಲಾಸಿನ ಒಬ್ಬ ಹುಡುಗ ಬಂದರಿನಲ್ಲಿ ಎಷ್ಟು ದೂರದಿಂದಲೂ ಬೋಟಿನ ಹೆಸರು ಹೇಳುತ್ತಾನೆ. ಅವನಿಗೆ ಓದು ಬರುತ್ತದೆ ಎಂದೇ ನಾನು ತಿಳಿದಿದ್ದೆ. ಇವತ್ತು ಗೊತ್ತಾಯಿತು, ಅವನು ಬಣ್ಣ ನೋಡಿ ಗುರುತು ಹಿಡಿಯುವುದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ನಾಲ್ಕನೇ ಕ್ಲಾಸಿನಿಂದ ನನ್ನ ಕಣ್ಣೆದುರು ಕೂತಿದ್ದಾನೆ.

ಜುಲೈ 13

ಮಳೆ. ಕರೆಂಟಿಲ್ಲ. ಹಾಜರಿ ಪುಸ್ತಕ ಮೊಬೈಲ್ ಬೆಳಕಲ್ಲಿ ಎಕ್ಸೆಲ್‌ಗೆ ಏರಿಸುತ್ತಿದ್ದೇನೆ.

ಕಳೆದ ವರ್ಷ ಜುಲೈ 16ರಿಂದ ಪುಟ ಖಾಲಿ. ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದ ದಿನ ಅದು. ಗೋಕರ್ಣದ ಕಡೆಯಿಂದ ಬರುವ ಅಕ್ಕೋರು ಬರಲಾಗಲಿಲ್ಲ. ಅದು ಯಾರಿಗಾದರೂ ಅರ್ಥವಾಗುತ್ತದೆ. ಆಗಸ್ಟ್ ಹಾಗಲ್ಲ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ರಜೆ. ಆಗ ಮಕ್ಕಳು ತಪ್ಪದೆ ಬರುತ್ತಾರೆ. ಆಗಸ್ಟ್‌ನಲ್ಲಿ ಬೋಟು ಇಳಿದ ಕೂಡಲೇ ಏಳು ಎಂಟನೇ ಕ್ಲಾಸಿನ ಹುಡುಗರು ಆರು ಜನ ಮಾಯ. ಮನೆಯವರ ಜೊತೆ ಬಂದರಿಗೆ, ಮೀನು ಆರಿಸಲು, ಐಸ್ ಹೊರಲು. ಮೂರು ವರ್ಷವೂ ಇದೇ ಕಥೆ.

ನಾನು ಆಗಸ್ಟ್ ಬಿಟ್ಟು ಸರಾಸರಿ ಹಾಕಿದೆ. ನೋಡಲು ಚಂದ ಬಂತು. ಅಕ್ಕೋರಿಗೆ ತೋರಿಸಿದೆ. “ಅಣ್ಣಾ, ಆಗಸ್ಟ್ ತೆಗೆದರೆ ನಾವು ದುಡ್ಡು ಕೇಳುವ ಕಾರಣವೇ ಹೋಯ್ತಲ್ಲ” ಎಂದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇದ್ದವನಿಗೆ ಈ ಮಾತು ಹೊಳೆಯಬೇಕಿತ್ತು. ವಾಪಸ್ ಸೇರಿಸಿದೆ.

ಆಗಸ್ಟ್ 3

ಬಜೆಟ್. ಅಕ್ಕೋರ ಗೌರವಧನ ತಲಾ 6,000ದಂತೆ ವರ್ಷಕ್ಕೆ 1,44,000. ಕೊಪ್ಪದ ಹುಡುಗಿಯರನ್ನು ಕತ್ತಲಾದ ಮೇಲೆ ಮನೆಗೆ ಬಿಡುವ ಆಟೋ, ತಿಂಗಳಿಗೆ 3,500ರಂತೆ ಹತ್ತು ತಿಂಗಳಿಗೆ 35,000. ಪುಸ್ತಕ, ನೋಟ್‌ಬುಕ್ 18,000. ಆಡಿಟ್ 10,000. ಕರೆಂಟು, ಚಿಲ್ಲರೆ 9,000. ಒಟ್ಟು 2,16,000. ಒಂದು ಮಗುವಿಗೆ ವರ್ಷಕ್ಕೆ 6,350ರ ಆಸುಪಾಸು.

ಅನುದಾನದ ಅರ್ಜಿಯಲ್ಲಿ ಟ್ಯಾಬ್, ಸ್ಮಾರ್ಟ್ ಟಿವಿ, ಕಟ್ಟಡಕ್ಕೆಲ್ಲ ಬೇರೆ ಬೇರೆ ಕಾಲಂ ಇದೆ. ಆಟೋ ಬಾಡಿಗೆಗೆ ಇಲ್ಲ. ‘ಇತರೆ’ಯಲ್ಲಿ ತುರುಕಿದೆ. ಟಿವಿ ಮಾತ್ರ ಬೇಡವೇ ಬೇಡ. 2023ರ ಮಾರ್ಚ್‌ನಲ್ಲಿ ಒಂದು ಕಂಪನಿಯವರು ಒಂದು ಕೊಟ್ಟಿದ್ದರು. ಮಾರ್ಚ್ ಯಾಕೆಂದರೆ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಫೋಟೋ ತೆಗೆದು ಹೋದರು. ಎರಡು ಮಳೆಗಾಲದ ಉಪ್ಪುಗಾಳಿಗೆ ಅದು ಕಣ್ಣು ಮುಚ್ಚಿತು. ಈಗ ಅದರ ಪೆಟ್ಟಿಗೆಯಲ್ಲಿ ಮಕ್ಕಳ ಚಿತ್ರದ ಹಾಳೆಗಳಿವೆ.

ಹೆಸರಿನ ಕೆಳಗೆ ‘ಸಂಸ್ಥೆಯ ಪ್ರೇರಣೆ’ ಎಂದೊಂದು ಕಾಲಂ. ಎಷ್ಟು ಬರೆಯುವುದು? ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್ಫೇರ್ ಟ್ರಸ್ಟಿನ ಹೈಸ್ಕೂಲಿನಲ್ಲಿ ಓದಿದವನು ನಾನು ಎಂದು ಬರೆದು ಬಿಟ್ಟೆ. ಅದು ನಿಜ ಕೂಡ.

ಸೆಪ್ಟೆಂಬರ್ 14

ಅನುದಾನ ಕೊಡುವವರ ಕಡೆಯಿಂದ ಇಬ್ಬರು ನೋಡಲು ಬಂದಿದ್ದರು. ಅವಲಕ್ಕಿ, ಚಹಾ ಆಯಿತು. ಗೋಡೆಯ ಮೇಲಿನ ಫೋಟೋ ಯಾವುದನ್ನೂ ನೋಡಲಿಲ್ಲ. ಹಾಜರಿ ಪುಸ್ತಕ ಕೇಳಿದರು. “ಆಗಸ್ಟ್‌ನಲ್ಲಿ ಯಾಕೆ ಇಷ್ಟು ಕಡಿಮೆ?” ಅದೇ ಪ್ರಶ್ನೆ. ಹೇಳಿದೆ. ಆ ಹುಡುಗರಿಗೆ ಏನು ಮಾಡುತ್ತೀರಿ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅಕ್ಕೋರೇ ಹೇಳಿದರು: ಆ ತಿಂಗಳು ಅವರಿಗೆ ಭಾನುವಾರ ಬೆಳಿಗ್ಗೆ ಪಾಠ ಇಡಬಹುದು. ನಮ್ಮೊಳಗೇ ಆ ಮಾತು ಯಾವತ್ತೂ ಬಂದಿರಲಿಲ್ಲ!

ಅಕ್ಟೋಬರ್ 26

ಪತ್ರ ಬಂತು. ಗೌರವಧನ ಪೂರ್ತಿ, ಆಟೋ ಪೂರ್ತಿ, ಒಟ್ಟು 1,79,000. ನವೆಂಬರ್‌ನಿಂದ ಹನ್ನೆರಡು ತಿಂಗಳು, ಎರಡು ಕಂತು. ಎರಡನೇ ಕಂತು ಜನವರಿಯ ಓದಿನ ಪರೀಕ್ಷೆ ನೋಡಿದ ಮೇಲೆ. ಪುಸ್ತಕ, ಆಡಿಟ್, ಕರೆಂಟು ನಮ್ಮ ತಲೆಗೆ. ಆಡಿಟ್ ಇಲ್ಲದೆ ಅನುದಾನ ಕೊಡುವುದಿಲ್ಲ, ಅನುದಾನದಲ್ಲಿ ಆಡಿಟ್‌ಗೆ ದುಡ್ಡಿಲ್ಲ. ಇರಲಿ, ಹತ್ತೊಂಬತ್ತು ಜನರನ್ನು ಮತ್ತೆ ಕೇಳಬೇಕು.

ಪ್ರತಿ ಖರ್ಚಿಗೂ ಬಿಲ್ ಬೇಕಂತೆ. ಆಟೋದವನಿಗೆ ಬಿಲ್ ಎಲ್ಲಿಂದ? ವೋಚರ್ ಬರೆದು ಸಹಿ ಹಾಕಿಸಿಕೊಳ್ಳಲು ಒಪ್ಪಿದ್ದಾರೆ. “ಮೊಬೈಲಿಗೆ ಹಾಕಿದ್ರೆ ಸಾಕಲ್ವಾ, ಸಹಿ ಬೇರೆ ಬೇಕಾ?” ಎಂದು ಅವನಿಗೆ ಅನುಮಾನ. 5,000 ದಾಟಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಬೇಕು. ಅವನಿಗೆ ಬೇಡ, ಅಕ್ಕೋರಿಗೆ ಬೇಕು. ನಾಳೆ ಅಂಚೆ ಕಚೇರಿಯಲ್ಲಿ 24 ಸ್ಟಾಂಪ್ ಕೇಳಬೇಕು. ಜನವರಿಗೆ ಓದಿನ ಹಾಳೆ ಹೊಸದು ಪ್ರಿಂಟ್ ಹಾಕಿಸಬೇಕು. ಹಳೆಯ ಕಥೆ ಅರ್ಧ ಕೇರಿಗೆ ಬಾಯಿಪಾಠ ಆಗಿದೆ.